ಬಣ್ಣವಿಲ್ಲದ ಎರಡು ಪಟ್ಟಿಗಳು

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಕಾಲಂ ಬಿರುಕು ಬಿಟ್ಟಿತು. ಕಾಲಂ ಅಂದರೆ ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಲು ಸಿಲಿಕಾ ಎಂಬ ಬಿಳಿ ಪುಡಿ ತುಂಬಿ, ಮೇಲಿನಿಂದ ದ್ರಾವಕ ಹರಿಸುವ ಗಾಜಿನ ಕೊಳವೆ. ಪಕ್ಕದ ಕೋಣೆಯಲ್ಲಿ ಒಂದು ಫೋನ್ ಕರೆಗೆ ಉತ್ತರಿಸಿ ಬರುವಷ್ಟರಲ್ಲಿ ದ್ರಾವಕದ ಮಟ್ಟ ಸಿಲಿಕಾದ ತಲೆಗಿಂತ ಕೆಳಗಿಳಿದಿತ್ತು. ಒಣಗಿದ ಸಿಲಿಕಾದೊಳಗೆ ಗಾಳಿ ನುಗ್ಗಿ, ಬೇಸಿಗೆಯ ಕೆರೆಯಂಗಳದಂತೆ ಮೇಲಿನಿಂದ ಕೆಳಕ್ಕೆ ಸೀಳುಗಳು ಮೂಡಿದ್ದವು. ಮಿಶ್ರಣವನ್ನು ಆಗಲೇ ಅದರ ಮೇಲೆ ಹಾಕಿಯಾಗಿತ್ತು.

ಮೂರು ವಾರಗಳ ಸಂಶ್ಲೇಷಣೆಯ ನಂತರ ಕೈಗೆ ಸಿಕ್ಕಿದ್ದ 1.2 ಗ್ರಾಂ ಅಂಟು ಎಣ್ಣೆ ಅದು. ನನಗೆ ಬೇಕಾದ ಅಣು ಅದರಲ್ಲಿತ್ತು, ಅದರ ಅವಳಿಯೂ ಇತ್ತು. ಎರಡರ ಅಣುಸೂತ್ರ ಒಂದೇ, ತೂಕ ಒಂದೇ, ಪರಮಾಣುಗಳು ಕೂಡಿಕೊಂಡ ಕ್ರಮವೂ ಒಂದೇ. ಒಂದು ಇಂಗಾಲದ ಮೇಲೆ ಕುಳಿತ ಹೈಡ್ರಾಕ್ಸಿಲ್ ಗುಂಪು, ಅಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿ, ಯಾವ ಕಡೆಗೆ ಮುಖ ಮಾಡಿದೆ ಎಂಬಷ್ಟೇ ವ್ಯತ್ಯಾಸ. ಟಿಎಲ್‌ಸಿ ಹಾಳೆಯ, ಅಂದರೆ ಸಿಲಿಕಾ ತೆಳುವಾಗಿ ಬಳಿದ ಪರೀಕ್ಷೆಯ ಹಾಳೆಯ, ಮೇಲೆ ದ್ರಾವಕ ಏರಿದ ದೂರವನ್ನು ಒಂದು ಎಂದುಕೊಂಡರೆ, ಒಂದರ ಚುಕ್ಕೆ 0.35ರಲ್ಲಿ ನಿಲ್ಲುತ್ತಿತ್ತು, ಇನ್ನೊಂದರದು 0.28ರಲ್ಲಿ. ಆ ಸಣ್ಣ ಅಂತರವನ್ನು ನಂಬಿ ನಾನು ಇಡೀ ದಿನವನ್ನು ಎತ್ತಿಟ್ಟಿದ್ದೆ.

ಪ್ರಯೋಗಾಲಯದ ಹಿರಿಯ ಸಹೋದ್ಯೋಗಿ ಬಂದು ನೋಡಿದರು. ಗದರಲಿಲ್ಲ. "ಈಥೈಲ್ ಅಸಿಟೇಟ್ ಸುರಿದು ಎಲ್ಲವನ್ನೂ ಕೆಳಗಿಳಿಸು. ದ್ರಾವಕ ಆವಿಯಾಗಿಸಿ ಮತ್ತೆ ತೂಗು. ವಸ್ತು ಎಲ್ಲಿಗೂ ಹೋಗಿರುವುದಿಲ್ಲ" ಎಂದರು. ಹಾಗೆಯೇ ಆಯಿತು. 1.1 ಗ್ರಾಂ ಮರಳಿ ಸಿಕ್ಕಿತು.

ಎರಡನೆಯ ಸಲ ತುಂಬುವಾಗ ನಾನು ಅವಸರ ಮಾಡಲಿಲ್ಲ. ಗಾಜಿನ ಕೊಳವೆಯ ಬುಡಕ್ಕೆ ಹತ್ತಿಯ ಉಂಡೆ, ಅದರ ಮೇಲೆ ಒಂದು ಬೆರಳು ಮರಳು. ಸಿಲಿಕಾವನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ಗಂಜಿಯಂತೆ ಕದಡಿ ಒಂದೇ ಸಮನೆ ಸುರಿದೆ. ಕೊಳವೆಯ ಬದಿಯನ್ನು ರಬ್ಬರ್ ನಳಿಕೆಯಿಂದ ಮೆಲ್ಲಗೆ ತಟ್ಟುತ್ತ ಹೋದ ಹಾಗೆ ಗುಳ್ಳೆಗಳು ಮೇಲೆದ್ದು ಹೊರಟುಹೋದವು, ಸಿಲಿಕಾ ಬಿಗಿಯಾಗಿ ಕುಳಿತುಕೊಂಡಿತು. ಚೆನ್ನಾಗಿ ಕುಳಿತ ಕಾಲಂ ನೋಡಲು ಬಹಳ ಚೆಂದ. ಆ ಬಿಳುಪಿನಲ್ಲಿ ಎಲ್ಲಿಯೂ ಒಂದು ಗೆರೆಯಿರುವುದಿಲ್ಲ.

ಮಿಶ್ರಣವನ್ನು ಹನಿಹನಿಯಾಗಿ ಮೇಲೆ ಬಿಟ್ಟು, ದ್ರಾವಕ ತುಂಬಿಸಿ, ಗಾಳಿಯ ಒತ್ತಡ ಕೊಟ್ಟೆ. ಈ ಒತ್ತಡದ ಉಪಾಯವನ್ನು ರಸಾಯನಜ್ಞ ಡಬ್ಲ್ಯೂ. ಕ್ಲಾರ್ಕ್ ಸ್ಟಿಲ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1978ರಲ್ಲಿ ಪ್ರಕಟಿಸಿದರು. 40ರಿಂದ 63 ಮೈಕ್ರಾನಿನ ನುಣ್ಣನೆಯ ಸಿಲಿಕಾ ತೆಗೆದುಕೊಳ್ಳಿ, ದ್ರಾವಕದ ಮಟ್ಟ ನಿಮಿಷಕ್ಕೆ ಎರಡು ಅಂಗುಲ ಇಳಿಯುವಷ್ಟು ಗಾಳಿ ಒತ್ತಿ ಎಂದು ಅವರು ಹೇಳಿದ್ದರು. ಅದಕ್ಕೆ ಮೊದಲು ಬರೀ ಗುರುತ್ವವನ್ನು ನಂಬಿ ಗಂಟೆಗಟ್ಟಲೆ ಕಾಯಬೇಕಿತ್ತು, ಕಾಯುತ್ತಿದ್ದ ಹಾಗೆಯೇ ಬೇರ್ಪಡುತ್ತಿದ್ದ ವಸ್ತುಗಳ ಪಟ್ಟಿಗಳು ಅಗಲವಾಗಿ ಒಂದರೊಳಗೊಂದು ಸೇರುತ್ತಿದ್ದವು. ಇಷ್ಟು ಸರಳವಾದ ಒಂದು ಸುಧಾರಣೆ ಎಷ್ಟು ಸಂಶೋಧಕರ ಆಯುಷ್ಯದ ಎಷ್ಟು ದಿನಗಳನ್ನು ಉಳಿಸಿದೆಯೋ! ನನಗೆ ಅದರ ಬಗ್ಗೆ ನಿಜವಾದ ಕೃತಜ್ಞತೆಯಿದೆ.

ಕಾಲಂ ಮುಂದೆ ನಿಂತಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ನನ್ನ ಎರಡೂ ಅಣುಗಳಿಗೆ ಬಣ್ಣವಿಲ್ಲ. ಒಳಗೆ ಏನಾಗುತ್ತಿದೆ ಎಂಬುದನ್ನು ಊಹಿಸಿಕೊಳ್ಳಬೇಕು. ಸಿಲಿಕಾದ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ. ಹಾದುಹೋಗುವ ಅಣುವನ್ನು ಅವು ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ನನಗೆ ಬೇಕಾದ ಅಣುವಿನಲ್ಲಿ ಹೈಡ್ರಾಕ್ಸಿಲ್ ತನ್ನದೇ ಎಸ್ಟರ್ ಗುಂಪಿನತ್ತ ಬಾಗಿ ಅದರೊಂದಿಗೆ ಹೈಡ್ರೋಜನ್ ಬಂಧ ಮಾಡಿಕೊಂಡಿರುತ್ತದೆ, ಆದ್ದರಿಂದ ಸಿಲಿಕಾಕ್ಕೆ ಅದರ ಮೇಲೆ ಹಿಡಿತ ಕಡಿಮೆ. ಅವಳಿಯ ಹೈಡ್ರಾಕ್ಸಿಲ್ ಹೊರಗೆ ಚಾಚಿಕೊಂಡಿದೆ, ಅದು ಪ್ರತಿ ತಿರುವಿನಲ್ಲಿಯೂ ಒಂದಿಷ್ಟು ಹೆಚ್ಚು ತಡವಾಗುತ್ತದೆ. ಒಂದು ಸಲದ ತಡ ಲೆಕ್ಕಕ್ಕೇ ಬಾರದಷ್ಟು. ಆದರೆ ಅದು ಲೆಕ್ಕವಿಲ್ಲದಷ್ಟು ಸಲ ನಡೆಯುತ್ತದೆ.

ಈ ವಿದ್ಯೆಯನ್ನು ಮೊದಲು ಕಂಡುಕೊಂಡವರಿಗೆ ಪಟ್ಟಿಗಳು ಕಣ್ಣಿಗೇ ಕಾಣುತ್ತಿದ್ದವು. ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1903ರಲ್ಲಿ ವಾರ್ಸಾದ ಒಂದು ಉಪನ್ಯಾಸದಲ್ಲಿ ಇದರ ತಿರುಳನ್ನು ಹೇಳಿದರು. 1906ರಲ್ಲಿ ಇದಕ್ಕೆ ಕ್ರೊಮ್ಯಾಟೊಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟರು. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ಒತ್ತಿ, ಎಲೆಯ ರಸವನ್ನು ಇಳಿಬಿಟ್ಟಾಗ ಹಸಿರು, ಹಳದಿ ಪಟ್ಟಿಗಳು ಬೇರೆಬೇರೆಯಾಗಿ ನಿಂತವು. ಸುಣ್ಣವೊಂದನ್ನೇ ನಂಬದೆ ಅವರು ನೂರಕ್ಕೂ ಹೆಚ್ಚು ಪುಡಿಗಳನ್ನು ಪರೀಕ್ಷಿಸಿದರು. ಆದರೂ ಅಂದಿನ ದೊಡ್ಡ ರಸಾಯನಜ್ಞರು ಅದನ್ನು ಅಷ್ಟಾಗಿ ನಂಬಲಿಲ್ಲ. ತ್ಸ್ವೆತ್ 1919ರಲ್ಲಿ ತೀರಿಕೊಂಡರು. ಹೈಡೆಲ್‌ಬರ್ಗ್‌ನಲ್ಲಿ ಕುನ್, ವಿಂಟರ್‌ಸ್ಟೈನ್, ಲೆಡರರ್ ಅದೇ ವಿಧಾನದಿಂದ ಕ್ಯಾರೊಟೀನನ್ನು ಬೇರ್ಪಡಿಸಿ ತೋರಿಸಿದ್ದು 1931ರಲ್ಲಿ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ ಎಂದೇ ಅರ್ಥ. ಆ ಹನ್ನೆರಡು ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಣ್ಣವಿಲ್ಲದ್ದನ್ನು ಕಾಣುವ ದಾರಿಯನ್ನು ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಹುಡುಕಿದ ಬಗೆ ನನಗೆ ಇನ್ನೂ ಇಷ್ಟ. ಲೀಡ್ಸ್‌ನ ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರಿಗೆ ಉಣ್ಣೆಯ ಪ್ರೋಟೀನಿನ ಅಮೈನೊ ಆಮ್ಲಗಳನ್ನು ಬೇರ್ಪಡಿಸಬೇಕಿತ್ತು. ಸಿಲಿಕಾದಲ್ಲಿ ನೀರನ್ನು ಹಿಡಿದಿಟ್ಟು, ಅದರ ನಡುವೆ ಕ್ಲೋರೋಫಾರಂ ಹರಿಸಿದರು. ಆ ನೀರಿಗೇ ಮೀಥೈಲ್ ಆರೆಂಜ್ ಬೆರೆಸಿದ್ದರಿಂದ ಆಮ್ಲದ ಪಟ್ಟಿ ಸಾಗಿದಲ್ಲೆಲ್ಲ ಕಾಲಂ ಕೆಂಪಾಗುತ್ತಿತ್ತು! ಹರಿಯುವುದು ದ್ರವವೇ ಆಗಬೇಕಿಲ್ಲ, ಆವಿಯೂ ಆಗಬಹುದು ಎಂದು 1941ರ ಅದೇ ಲೇಖನದಲ್ಲಿ ಬರೆದರು. ಅತಿ ಸಣ್ಣ ಕಣಗಳು ಮತ್ತು ಹೆಚ್ಚಿನ ಒತ್ತಡ ಇದ್ದರೆ ಬೇರ್ಪಡಿಕೆ ಇನ್ನೂ ಚೆನ್ನಾಗಿರುತ್ತದೆ ಎಂದೂ ಬರೆದರು. ಹತ್ತು ವರ್ಷ ಕಳೆದರೂ ಆ ಆವಿಯ ಮಾತನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಕೊನೆಗೆ ಮಾರ್ಟಿನ್ ತಾವೇ ಎ. ಟಿ. ಜೇಮ್ಸ್ ಜೊತೆ ಅದನ್ನು ಮಾಡಿ 1952ರಲ್ಲಿ ಪ್ರಕಟಿಸಿದರು. ಮಾರ್ಟಿನ್ ಮತ್ತು ಸಿಂಜ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ನನ್ನ ಬಳಿ ಇದ್ದದ್ದು ಅತಿನೇರಳೆ ದೀಪ. ಕಾಲಂನಿಂದ ಇಳಿದ ದ್ರಾವಕವನ್ನು ಒಂದಾದ ಮೇಲೊಂದು ಟೆಸ್ಟ್ ಟ್ಯೂಬಿನಲ್ಲಿ ಹಿಡಿದು, ಪ್ರತಿ ಟ್ಯೂಬಿನಿಂದ ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ಒಂದು ಹನಿ ತೆಗೆದು ಹಾಳೆಯ ಮೇಲೆ ಇಡುತ್ತ ಹೋದೆ. 254 ನ್ಯಾನೊಮೀಟರಿನ ಬೆಳಕಿನಲ್ಲಿ ಹಾಳೆಯೆಲ್ಲ ಹಸಿರಾಗಿ ಹೊಳೆಯುತ್ತದೆ, ವಸ್ತು ಇದ್ದ ಕಡೆ ಮಾತ್ರ ಕಪ್ಪು. ಮೂವತ್ತನೆಯ ಟ್ಯೂಬಿನವರೆಗೆ ಬರೀ ಹಸಿರು. ಸಿಲಿಕಾ ನನ್ನ ವಸ್ತುವನ್ನು ನುಂಗಿಬಿಟ್ಟಿತೇ ಎಂದು ದಿಗಿಲಾಯಿತು. ಮೂವತ್ತೊಂದರಲ್ಲಿ ಮಸುಕಾದ ಒಂದು ಚುಕ್ಕೆ, ಮೂವತ್ತಮೂರರಲ್ಲಿ ಕಾಡಿಗೆಯಂಥ ಕಪ್ಪು. ನಾನು ದೀಪವನ್ನು ಆರಿಸದೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ.

ಸಂಜೆ ಆರರ ಹೊತ್ತಿಗೆ ಎಪ್ಪತ್ತೆರಡು ಟ್ಯೂಬುಗಳು ತುಂಬಿದ್ದವು. ಮೂವತ್ತೊಂದರಿಂದ ನಲವತ್ತಾರರವರೆಗೆ ಬೇಕಾದದ್ದು, ಐವತ್ತಮೂರರಿಂದ ಮುಂದಕ್ಕೆ ಅದರ ಅವಳಿ. ನಡುವಿನ ಆರರಲ್ಲಿ ಎರಡೂ ಇದ್ದವು, ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಚುಕ್ಕೆಗಳಾಗಿ. ಸಹೋದ್ಯೋಗಿ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿ, "ಇವತ್ತಿಗೆ ಇಷ್ಟು ಸಾಕು, ಊಟ ಮಾಡು" ಎಂದರು. ಆವಿಯಾಗಿಸಿ ತೂಗಿದಾಗ ಶುದ್ಧವಾದದ್ದು 0.48 ಗ್ರಾಂ ಇತ್ತು.

ಆ ಆರು ಟ್ಯೂಬುಗಳನ್ನು ಒಂದು ಸಣ್ಣ ಫ್ಲಾಸ್ಕಿಗೆ ಸುರಿದು, ಮೇಲೆ "ಮಿಶ್ರ, 47–52" ಎಂದು ಬರೆದು ಫ್ರಿಜ್ಜಿನಲ್ಲಿಟ್ಟೆ. ಹೊರಡುವ ಮುನ್ನ ಕೊಳವೆಗಳ ಕಪಾಟಿನಿಂದ ಇನ್ನೂ ಸಪೂರವಾದ, ಇನ್ನೂ ಉದ್ದವಾದ ಒಂದನ್ನು ಆರಿಸಿ ತೊಳೆದು, ತಲೆಕೆಳಗಾಗಿ ಒಣಗಲು ನಿಲ್ಲಿಸಿದೆ.