ನಂದಿ ಬೆಟ್ಟಕ್ಕಿಂತ ಎತ್ತರದಲ್ಲಿ ವೈನ್: ದೇವನಹಳ್ಳಿಯಿಂದ ಬಿಸಿನೆಸ್ ಕ್ಲಾಸ್ ಹತ್ತುವವರಿಗೆ

ಮಕ್ಕಳು ಕಳಿಸಿದ ಟಿಕೆಟ್ಟೋ, ಕಂಪನಿ ಕೊಟ್ಟಿದ್ದೋ, ಕಾರ್ಡಿನ ಪಾಯಿಂಟ್ ಕೂಡಿಸಿ ಪಡೆದದ್ದೋ, ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕಡೆಯಿಂದ ಬಿಸಿನೆಸ್ ಕ್ಲಾಸ್‌ನಲ್ಲಿ ಯುರೋಪಿಗೆ ಹೋಗುವವರು ಈಗ ಬೇಕಾದಷ್ಟು ಜನ. "ಅಲ್ಲಿ ಭಾರೀ ವೈನ್ ಕೊಡ್ತಾರಂತೆ, ಹೌದಾ?" ಎಂಬ ಪ್ರಶ್ನೆಗೆ ಉತ್ತರ: ಬಾಟಲಿ ಸಾಮಾನ್ಯವಾಗಿ ಒಳ್ಳೆಯದೇ ಇರುತ್ತದೆ. ಲೋಟಕ್ಕೆ ಬರುವಷ್ಟರಲ್ಲಿ ಅದು ಸಪ್ಪೆಯಾಗುವುದಕ್ಕೆ ಒಳಗಿನ ಗಾಳಿ, ಇಟ್ಟ ತಾಪಮಾನ, ಕುಡಿಯುವ ಹೊತ್ತು, ಈ ಮೂರು ಕಾರಣ. ಮೂರನ್ನೂ ಸ್ವಲ್ಪ ಮಟ್ಟಿಗೆ ನೀವೇ ಸರಿಪಡಿಸಿಕೊಳ್ಳಬಹುದು. ಬರೀ ವೈನ್‌ಗೋಸ್ಕರ ಮೇಲಿನ ಕ್ಲಾಸಿಗೆ ದುಡ್ಡು ಸುರಿಯಬೇಡಿ. ಆ ದುಡ್ಡು ಮಲಗುವ ಸೀಟಿಗೆ, ವೈನ್ ಅದರ ಜೊತೆಗೆ ಬಂದದ್ದು ಅಂದುಕೊಂಡರೆ ಬೇಜಾರಾಗುವುದಿಲ್ಲ.

ಟಿಕೆಟ್ ತೆಗೆಯುವಾಗಲೇ ಕೆಲವು ವಿಷಯ ನೋಡಿಕೊಳ್ಳಿ. ದೇಶದೊಳಗಿನ ಹಾರಾಟದಲ್ಲಿ ಮದ್ಯ ಕೊಡುವುದಿಲ್ಲ, ಹಾಗಾಗಿ ದೆಹಲಿ ಅಥವಾ ಮುಂಬೈ ಮೂಲಕ ಹೋದರೆ ಮೊದಲ ಹಂತದಲ್ಲಿ ಎಷ್ಟೇ ದುಬಾರಿ ಸೀಟಾದರೂ ಜ್ಯೂಸೇ ಗತಿ. ಸೌದಿಯಾ, ಕುವೈತ್ ಏರ್‌ವೇಸ್‌ಗಳಲ್ಲಿ ಮದ್ಯವೇ ಇಲ್ಲ. ಹಲವು ಸಂಸ್ಥೆಗಳು ತಮ್ಮ ಆ್ಯಪ್‌ನಲ್ಲಿ ವೈನ್ ಪಟ್ಟಿ ಹಾಕುತ್ತವೆ. ಆದರೆ ಅದು ಮಾರ್ಗಕ್ಕೆ ತಕ್ಕಂತೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ರಯಾಣದ ವಾರದಲ್ಲಿ ನೋಡಿದ ಪಟ್ಟಿಯನ್ನಷ್ಟೇ ನಂಬಿ. ವಿಮಾನದ ವೈನ್‌ಗೆಂದೇ ಬಿಸಿನೆಸ್ ಟ್ರಾವೆಲರ್ ಪತ್ರಿಕೆ 1985ರಿಂದ ಪ್ರಶಸ್ತಿ ಕೊಡುತ್ತಿದೆ, ಅದನ್ನೂ ನೋಡಬಹುದು. ಒಂದು ಮಾತು ಮಾತ್ರ ನೆನಪಿರಲಿ: ಅಲ್ಲಿ ತೀರ್ಪುಗಾರರು ರುಚಿ ನೋಡುವುದು ನೆಲದ ಮೇಲೆ ಕೂತು. ನೀವು ಕುಡಿಯುವುದು ಮೇಲೆ.

ಆ "ಮೇಲೆ" ಎಂದರೆ ಎಷ್ಟು? ವಿಮಾನ ಹತ್ತು–ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಒತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಮಟ್ಟದಲ್ಲಿ ಹಿಡಿದಿಡುತ್ತಾರೆ. ನಂದಿ ಬೆಟ್ಟ 1,478 ಮೀಟರ್, ಮುಳ್ಳಯ್ಯನಗಿರಿ ಸುಮಾರು 1,930. ಅಂದರೆ ನಂದಿಯನ್ನು ದಾಟಿ ಮುಳ್ಳಯ್ಯನಗಿರಿಯ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಕೂತು ಕುಡಿದ ಹಾಗೆ. ವ್ಯತ್ಯಾಸ ಏನೆಂದರೆ ಬೆಟ್ಟದ ಮೇಲೆ ಮಂಜಿನ ತೇವ ಇರುತ್ತದೆ, ವಿಮಾನದೊಳಗೆ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಮೂಗು ಒಣಗಿದರೆ ವಾಸನೆ ಹತ್ತುವುದಿಲ್ಲ, ವೈನ್‌ನ ಬಹುಪಾಲು ರುಚಿ ವಾಸನೆಯಲ್ಲೇ ಇರುವುದು. ಲುಫ್ತಾನ್ಸಾಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಕಡಿಮೆ ಒತ್ತಡದ ಕೋಣೆಯಲ್ಲಿ ಜನರನ್ನು ಕೂರಿಸಿ ಪರೀಕ್ಷಿಸಿದಾಗ ಉಪ್ಪಿನ ಅನುಭವ ಶೇ. 20–30, ಸಿಹಿಯದು ಶೇ. 15–20 ತಗ್ಗಿತ್ತು. ಎಂಜಿನ್ ಸದ್ದೂ ಪಾಲುದಾರ: 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಸುಮಾರು 85 ಡೆಸಿಬೆಲ್ ಸದ್ದಿನಲ್ಲಿ ಸಿಹಿ ಮಂಕಾಗುವುದನ್ನು ಕಂಡುಕೊಂಡರು.

ಇದರ ಫಲ ಇಷ್ಟು. ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ, ಹುಳಿ ಮತ್ತು ಒಗರು ಮುಂದೆ ಬರುತ್ತವೆ. ಮನೆಯಲ್ಲಿ ಕುಡಿದರೆ ಸೊಗಸಾಗಿರುವ ಎಳೆ ಬೋರ್ಡೊ (ಫ್ರಾನ್ಸಿನ ಹೆಸರಾಂತ ಕೆಂಪು ವೈನ್) ಮೇಲೆ ಹೋದಾಗ ಬಲಿಯದ ಸೀಬೆಕಾಯಿ ಕಚ್ಚಿದ ಹಾಗಾಗುತ್ತದೆ. ಪಟ್ಟಿಯಲ್ಲಿ ದೊಡ್ಡ ಹೆಸರು ಕಂಡು ಅದನ್ನೇ ಕೇಳುವುದು ಎಲ್ಲರೂ ಮಾಡುವ ಕೆಲಸ, ಹೆಚ್ಚು ನಿರಾಸೆ ಸಿಗುವುದೂ ಅಲ್ಲೇ. ಕೆಂಪಿನಲ್ಲಿ ಹಣ್ಣು ತುಂಬಿದ, ಒಗರು ಕಡಿಮೆ ಇರುವವನ್ನು ಆರಿಸಿ: ಅರ್ಜೆಂಟೀನಾದ ಮಾಲ್ಬೆಕ್, ಆಸ್ಟ್ರೇಲಿಯಾದ ಶಿರಾಜ್, ಗ್ರೆನಾಶ್ ದ್ರಾಕ್ಷಿ ಹೆಚ್ಚಿರುವ ಫ್ರಾನ್ಸಿನ ದಕ್ಷಿಣ ರೋನ್, ನ್ಯೂಜಿಲೆಂಡಿನ ಪಿನೊ ನುವಾರ್. ಬಿಳಿಯಲ್ಲಿ ಪರಿಮಳ ಜೋರಾಗಿರುವ ರೀಸ್ಲಿಂಗ್, ಸೊವಿನ್ಯೋನ್ ಬ್ಲಾಂಕ್, ವಿಯೋನ್ಯೆ. ತೆಳುವಾದ, ಹುಳಿ ಹೆಚ್ಚಿರುವ, ಫ್ರಾನ್ಸಿನ ಶಾಬ್ಲಿಯಂಥದ್ದು ಮೇಲೆ ಬರೀ ನಿಂಬೆ ನೀರು.

ದ್ರಾಕ್ಷಿ ತೋಟದ ಊರಿನವರಿಗೆ ಇನ್ನೊಂದು ಮಾತು. 2013ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ಬೇರೆಯೇ ಕುಲದ್ದು, ಅದರ ಘಮ ವಿಮಾನದ ಯಾವ ಬಾಟಲಿಯಲ್ಲೂ ಸಿಗದು. ಹಾಗೆಯೇ ಇಲ್ಲಿನ ಅಂಗಡಿಗಳಲ್ಲಿ ಪೋರ್ಟ್ ಎಂದು ಮಾರುವ ಅಗ್ಗದ ಸಿಹಿ ವೈನ್ ಕುಡಿದು ಬೇಸತ್ತವರು ವಿಮಾನದ ಪಟ್ಟಿಯ ಕೊನೆಯಲ್ಲಿರುವ ಪೋರ್ಟನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅದು ಪೋರ್ಚುಗಲ್‌ನ ಡೌರೊ ಕಣಿವೆಯದು, ದ್ರಾಕ್ಷಿಯ ಮದ್ಯಸಾರ ಬೆರೆಸಿ ಶೇ. 20ರ ಸುಮಾರಿಗೆ ಏರಿಸಿದ್ದು. ಸಿಹಿ, ಘಾಟು ಎರಡೂ ಗಟ್ಟಿಯಾಗಿರುವುದರಿಂದ ಒಣ ಗಾಳಿಯಲ್ಲೂ ನಿಲ್ಲುತ್ತದೆ, ತೆರೆದಿಟ್ಟರೂ ಬೇಗ ಕೆಡುವುದಿಲ್ಲ. ಊಟದ ಕೊನೆಗೆ ಚೀಸ್ ಜೊತೆ 60 ಮಿಲಿ ಸಾಕು. ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಮೋಸ ಮಾಡುವ ಬಾಟಲಿ ಇದೇ.

ಇನ್ನು ದಾರಿ. ಚಿಕ್ಕಬಳ್ಳಾಪುರದಿಂದ ಹೆದ್ದಾರಿ 44ರಲ್ಲಿ ನೇರ ದೇವನಹಳ್ಳಿ. ಕೋಲಾರದವರಿಗೆ ವೇಮಗಲ್, ಎಚ್. ಕ್ರಾಸ್, ವಿಜಯಪುರ, ದೇವನಹಳ್ಳಿ. ತುಮಕೂರಿನವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಒಳಗೆ ಸಿಕ್ಕಿಹಾಕಿಕೊಳ್ಳಬೇಕಿಲ್ಲ. ಡಿಸೆಂಬರ್–ಜನವರಿಯ ನಸುಕಿನಲ್ಲಿ ಈ ಭಾಗದಲ್ಲಿ ಮಂಜು ದಟ್ಟ, ಒಂದು ಗಂಟೆ ಹೆಚ್ಚಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ.

ಲೌಂಜ್‌ನಲ್ಲಿ ಹೊಟ್ಟೆ ತುಂಬ ಊಟ ಮಾಡಿ, ನೀರು ಕುಡಿಯಿರಿ. ಕೌಂಟರ್ ಮೇಲೆ ಯಾವಾಗಲೋ ತೆರೆದಿಟ್ಟ ಕೆಂಪು ವೈನ್‌ನ ಗೊಡವೆ ಬೇಡ.

ಸೀಟಿನಲ್ಲಿ ಕೂತ ತಕ್ಷಣ ಶಾಂಪೇನ್ ಕೊಟ್ಟರೆ ತೆಗೆದುಕೊಳ್ಳಿ. ಬಾಗಿಲು ಮುಚ್ಚುವ ಮುಂಚಿನ ಆ ಹೊತ್ತು ಒತ್ತಡ ಇನ್ನೂ ನೆಲದ್ದೇ, ಎಂಜಿನ್ ಸದ್ದಿಲ್ಲ, ಮೂಗು ಒಣಗಿಲ್ಲ. ಶಾಂಪೇನ್ ತನ್ನ ನಿಜವಾದ ರುಚಿಯಲ್ಲಿ ಸಿಗುವುದು ಆಗ ಮಾತ್ರ. ಮೇಲೆ ಹೋದಮೇಲೆ ಒತ್ತಡ ಕಡಿಮೆಯಾಗಿ ಗುಳ್ಳೆಗಳು ಬೇಗ ಹಾರಿಹೋಗುತ್ತವೆ. ಕೆಲವು ದೇಶಗಳಲ್ಲಿ ಸುಂಕದ ನಿಯಮಗಳಿಂದಾಗಿ ನೆಲದ ಮೇಲೆ ಬೇರೆ ಅಗ್ಗದ ಬಾಟಲಿ ಸುರಿಯುವುದುಂಟು, ಲೇಬಲ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಊಟದ ಸಮಯದ ಕ್ರಮ ಹೀಗಿರಲಿ. ಮೊದಲು ರುಚಿ ನೋಡಲು ಒಂದು ಗುಟುಕು ಕೇಳಿ. ಬಿಸಿನೆಸ್ ಕ್ಲಾಸ್‌ನಲ್ಲಿ 750 ಮಿಲಿ ಬಾಟಲಿಯಿಂದ ಸುರಿಯುತ್ತಾರೆ, ಹಾಗಾಗಿ ಎರಡು ಮೂರನ್ನು ರುಚಿ ನೋಡಿ ಆರಿಸಿಕೊಳ್ಳಲು ಅಡ್ಡಿಯಿಲ್ಲ. ಲೋಟ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ, ಪರಿಮಳ ಕೂಡಲು ಜಾಗ ಬೇಕು, ವಿಮಾನ ಕುಲುಕಿದರೆ ಅಂಗಿಯೂ ಉಳಿಯುತ್ತದೆ. ಕೆಂಪು ವೈನ್‌ಗೆ 14ರಿಂದ 18 ಡಿಗ್ರಿ ಚೆನ್ನ, ಆದರೆ ತಣ್ಣಗಿನ ಟ್ರಾಲಿಯಿಂದ ಬಂದದ್ದು ಹಲವು ಸಲ ಫ್ರಿಜ್‌ನಿಂದ ತೆಗೆದ ಹಾಗಿರುತ್ತದೆ, ಚಳಿಗೆ ಒಗರು ಇನ್ನೂ ಕಚ್ಚುತ್ತದೆ. ಲೋಟವನ್ನು ಎರಡು ಅಂಗೈಯಲ್ಲಿ ಹಿಡಿದು ಐದು ನಿಮಿಷ ಬಿಡಿ. ಬಿಳಿಯದರದ್ದು ಉಲ್ಟಾ ಕಥೆ: 8ರಿಂದ 12 ಡಿಗ್ರಿ ಇರಬೇಕಾದ್ದು ತಣ್ಣಗಿಡುವ ಜಾಗ ಸಾಲದೆ ಬೆಚ್ಚಗೆ ಬರುತ್ತದೆ. ವಿಮಾನ ಏರಿದ ತಕ್ಷಣವೇ ಊಟಕ್ಕೆ ಯಾವುದು ಬೇಕೆಂದು ಹೇಳಿಟ್ಟರೆ ಐಸ್‌ನಲ್ಲಿಡುತ್ತಾರೆ.

ಎರಡನೇ ಊಟದ ಹೊತ್ತಿಗೆ ಮೊದಲ ಸರದಿಯಲ್ಲಿ ತೆರೆದ ಬಾಟಲಿಯೇ ಬರಬಹುದು. ಆರೇಳು ಗಂಟೆ ತೆರೆದಿದ್ದ ಬಿಳಿ ವೈನ್ ಕಳೆಗುಂದಿರುತ್ತದೆ. "ಹೊಸ ಬಾಟಲಿ ಇದೆಯಾ?" ಎಂದು ನಗುತ್ತಾ ಕೇಳಿದರೆ ಸಾಕು. ನೆನೆದ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ಒಣ ಮೂಗಿಗೆ ಕೆಲವೊಮ್ಮೆ ವಾಸನೆ ಹತ್ತದೆ ಬರೀ ಸಪ್ಪೆ ಎನಿಸಬಹುದು. ಅನುಮಾನ ಬಂದರೆ ಹೇಳಿ, ಬದಲಾಯಿಸಿ ಕೊಡುವುದು ವಾಡಿಕೆ.

ಊಟಕ್ಕೂ ವೈನ್‌ಗೂ ಜೋಡಿ ನೋಡಿ. ಕನಿಷ್ಠ 24 ಗಂಟೆ ಮುಂಚೆ ಹೇಳಿ ಭಾರತೀಯ ಊಟ ತರಿಸುವವರು ಕೆಂಪು ವೈನ್ ಜೊತೆ ಖಾರದ ಸಾರು ಸೇರಿಸಬೇಡಿ, ಮದ್ಯಸಾರ ಖಾರವನ್ನು ಏರಿಸುತ್ತದೆ, ಒಗರು ಬಾಯಿ ಸುಡಿಸುತ್ತದೆ. ಕೊಂಚ ಸಿಹಿಯ ರೀಸ್ಲಿಂಗ್ ಅಥವಾ ತಿಳಿ ಗುಲಾಬಿ ಬಣ್ಣದ ರೋಸೆ ಹಿಡಿಸುತ್ತದೆ. ಉಪ್ಪು ಸಪ್ಪೆ ಎನಿಸಿದರೆ ಅಡುಗೆಯವರನ್ನು ಬೈಯುವ ಮೊದಲು ಮೇಲಿನ ಲೆಕ್ಕ ನೆನೆಸಿಕೊಳ್ಳಿ.

ಎಷ್ಟು ಕುಡಿಯಬೇಕು ಎಂಬಲ್ಲಿ ಕಟ್ಟುನಿಟ್ಟಾಗಿರಿ. ಜರ್ಮನಿಯ ಸಂಶೋಧಕರು 2024ರಲ್ಲಿ ಥೋರಾಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಎರಡು ಲೋಟ ವೈನ್‌ನಷ್ಟು ಮದ್ಯ ಕುಡಿದು ವಿಮಾನದ ಒತ್ತಡದಲ್ಲಿ ಮಲಗಿದ ಆರೋಗ್ಯವಂತ ಯುವಕ ಯುವತಿಯರ ರಕ್ತದ ಆಮ್ಲಜನಕ ಶೇ. 85ರ ಸುಮಾರಿಗೆ ಇಳಿದಿತ್ತು, ಹೃದಯ ಬಡಿತ ನಿಮಿಷಕ್ಕೆ 88ರ ಹತ್ತಿರ ಏರಿತ್ತು. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಮುಟ್ಟದಿರುವುದೇ ಸರಿ. ಉಳಿದವರಿಗೂ ಒಂದು ಲೋಟ ವೈನ್‌ಗೆ ಒಂದು ಲೋಟ ನೀರು. ದೇವನಹಳ್ಳಿಯಿಂದ ಯುರೋಪಿಗೆ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಅಷ್ಟು ಹೊತ್ತಿನಲ್ಲಿ ನಾಲ್ಕು ಬಗೆಯ ವೈನ್ ಪರೀಕ್ಷಿಸುವುದು ದಡ್ಡತನ, ಮಲಗಿಬಿಡಿ. ನಿಧಾನವಾಗಿ ರುಚಿ ನೋಡಲು ಯುರೋಪಿನಿಂದ ಹಗಲಿಗೆ ಹೊರಟು ರಾತ್ರಿ ಇಲ್ಲಿಳಿಯುವ ವಾಪಸು ವಿಮಾನವೇ ವಾಸಿ. ಇಳಿದಮೇಲೆ ಸ್ಟೀರಿಂಗ್ ಬೇರೆಯವರ ಕೈಗೆ ಕೊಡಿ.

ಬಾಟಲಿ ತರುವವರಿಗೆ: ವಿಮಾನದಲ್ಲಿ ಕೊಟ್ಟದ್ದನ್ನು ಬ್ಯಾಗಿಗೆ ಹಾಕಿಕೊಳ್ಳುವಂತಿಲ್ಲ, ಸ್ವಂತ ಬಾಟಲಿ ತೆರೆದು ಕುಡಿಯುವಂತೆಯೂ ಇಲ್ಲ. ಡ್ಯೂಟಿ ಫ್ರೀಯಲ್ಲಿ ಕೊಂಡದ್ದನ್ನು ಮಧ್ಯೆ ವಿಮಾನ ಬದಲಿಸುವವರು ಸೀಲ್ ಮಾಡಿದ ಚೀಲದಲ್ಲೇ ರಸೀದಿ ಸಮೇತ ಇಟ್ಟುಕೊಳ್ಳಿ, ಸೀಲ್ ಒಡೆದರೆ ಮುಂದಿನ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, ಇಲ್ಲಿ ಇಳಿದಮೇಲೆ ಕೊಳ್ಳುವುದೂ ಅದರಲ್ಲೇ ಸೇರಿತು. ಮೂರು ಮಾಮೂಲಿ ಬಾಟಲಿ 2.25 ಲೀಟರ್ ಆಗಿ ಮೀರುತ್ತದೆ. ಎರಡು 750 ಮಿಲಿ ವೈನ್, ಒಂದು 500 ಮಿಲಿ ಪೋರ್ಟ್ ತಂದರೆ ಲೆಕ್ಕ ಸರಿಹೋಗುತ್ತದೆ.