ರಾತ್ರಿ ಕೂಗಿದ ಎಮ್ಮೆ

ಭಾಲ್ಕಿ ತಾಲ್ಲೂಕಿಗೆ ಪಶುವೈದ್ಯನಾಗಿ ಬಂದ ಹೊಸತರಲ್ಲಿ ರೈತರೊಬ್ಬರು ತಮ್ಮ ಎಮ್ಮೆಯನ್ನು ಮೂರು ಸಲ ಚಿಕಿತ್ಸಾಲಯಕ್ಕೆ ಹೊಡೆದುಕೊಂಡು ಬಂದರು. ಮೂರು ಸಲವೂ ಕೃತಕ ಗರ್ಭಧಾರಣೆ ಮಾಡಿದೆ. ಒಮ್ಮೆಯೂ ಗಬ್ಬ ನಿಲ್ಲಲಿಲ್ಲ. ಕೈ ಹಾಕಿ ನೋಡಿದರೆ ಗರ್ಭಕೋಶದಲ್ಲಿ ದೋಷ ಸಿಗಲಿಲ್ಲ. ಖನಿಜ ಮಿಶ್ರಣ ಬರೆದುಕೊಟ್ಟೆ, ವೀರ್ಯ ತುಂಬಿದ ಸಣ್ಣ ಕೊಳವೆ, ಅಂದರೆ ಸ್ಟ್ರಾ ಮೇಲೆ ಸಂಶಯಪಟ್ಟೆ. ಬೆದೆಗೆ ಬಂದದ್ದು ಯಾವಾಗ ಎಂದು ಕೇಳಿದರೆ ಅವರು ಪ್ರತಿ ಸಲವೂ ‘ನಿನ್ನೆ’ ಎನ್ನುತ್ತಿದ್ದರು. ನಾನೂ ಅಷ್ಟಕ್ಕೇ ಬಿಡುತ್ತಿದ್ದೆ.

ಕೊನೆಗೆ ಅವರ ಮನೆಗೇ ಹೋದೆ. ಹಾಲು ಹಿಂಡುವವರು ಅವರ ತಾಯಿ. ‘ಎಮ್ಮೆ ಕೂಗುವುದು ರಾತ್ರಿ, ಸಾಹೇಬರೇ. ಊಟ ಮುಗಿಸಿ ಮಲಗುವ ಹೊತ್ತಿಗೆ. ಮರುದಿನ ಮಗನಿಗೆ ಹೊಲದ ಕೆಲಸ ಇರುತ್ತದೆ. ಅದರ ಮರುದಿನ ನಿಮ್ಮ ಬಳಿ ತರುತ್ತಾನೆ’ ಎಂದರು. ಲೆಕ್ಕ ಹಾಕಿದೆ: 36 ಗಂಟೆ ದಾಟಿತ್ತು.

ಅಂಡಾಶಯವನ್ನು ಬೆರಳಿನಿಂದ ಮುಟ್ಟಿ ನೋಡುವ ನಮಗೆ, ಅಂಡ ಬಿಡುಗಡೆಯ ತೀರ್ಮಾನ ಆಗುವುದು ತಲೆಯಲ್ಲಿ ಎಂಬುದು ಮರೆತುಹೋಗುತ್ತದೆ. ಬಲಿಯುತ್ತಿರುವ ಅಂಡದ ಗುಳ್ಳೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಸುರಿಸುತ್ತದೆ. ಬೇರೆ ದಿನಗಳಲ್ಲಿ ಮೆದುಳನ್ನು ತಡೆದು ಹಿಡಿಯುವ ಇದೇ ಈಸ್ಟ್ರೊಜೆನ್, ಏರಿ ನಿಂತಾಗ ಅದನ್ನು ಬಡಿದೆಬ್ಬಿಸುತ್ತದೆ. ಅಂಡ ಬಿಡುಗಡೆಗೆ ಮೆದುಳು ಕಳಿಸುವ ಆಜ್ಞೆಯೇ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು. ಆದರೆ ಅದನ್ನು ಸ್ರವಿಸುವ ನರಕೋಶಗಳಲ್ಲಿ ಈ ಏರಿಕೆಯನ್ನು ಗುರುತಿಸುವ ಆಲ್ಫಾ ಗ್ರಾಹಕವೇ (ಈಸ್ಟ್ರೊಜೆನ್ ಬಂದು ಅಂಟಿಕೊಳ್ಳುವ ಪ್ರೋಟೀನು) ಇಲ್ಲ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ನಲ್ಲಿ ಕಿಸ್‌ಪೆಪ್ಟಿನ್ ಎಂಬ ಸಂದೇಶವಸ್ತುವನ್ನು ಸ್ರವಿಸುವ ಕೋಶಗಳು ಏರಿಕೆಯನ್ನು ಗ್ರಹಿಸಿ ಆ ನರಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಜಿಎನ್‌ಆರ್‌ಎಚ್ ರಚನೆ 1971ರಲ್ಲೇ ತಿಳಿದಿತ್ತು. ಈ ನಡುವಿನ ಕೋಶಗಳ ಮಹತ್ವ ಗೊತ್ತಾಗತೊಡಗಿದ್ದು 2003ರ ನಂತರ. ಕಿಸ್‌ಪೆಪ್ಟಿನ್ ಗ್ರಾಹಕ ಕೆಟ್ಟವರು ಪ್ರೌಢಾವಸ್ಥೆಗೇ ಬರುವುದಿಲ್ಲ ಎಂದು ಆ ವರ್ಷ ಕಂಡುಬಂದಿತು. ಇಷ್ಟು ದೊಡ್ಡ ಕೆಲಸ ಅಷ್ಟು ಚಿಕ್ಕ ಕೋಶಗುಂಪಿನ ಕೈಯಲ್ಲಿದೆ ಎಂಬುದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ.

ಸುದ್ದಿ ಮುಟ್ಟಿದೊಡನೆ ಜಿಎನ್‌ಆರ್‌ಎಚ್ ಉಕ್ಕುತ್ತದೆ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ, ಅಂಡವನ್ನು ಹೊರಬೀಳಿಸುವ ಹಾರ್ಮೋನು ಪ್ರವಾಹದಂತೆ ರಕ್ತಕ್ಕೆ ಬರುತ್ತದೆ. ಅಲ್ಲಿಂದ ಗಡಿಯಾರ ಶುರು. ಬೆದೆ ಆರಂಭವಾದ ಸುಮಾರು 30 ಗಂಟೆಗೆ ಅಂಡ ಹೊರಬೀಳುತ್ತದೆ. ಅದು ಕೆಲವೇ ಗಂಟೆ ಬಾಳುತ್ತದೆ. ವೀರ್ಯವೋ, ಒಳಗೆ ಸೇರಿದ ಮೇಲೂ ಹದಗೊಳ್ಳಲು ಹೊತ್ತು ಬೇಡುತ್ತದೆ.

ಆ ಎಲ್‌ಎಚ್ ಉಕ್ಕು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದನ್ನು ಎಬ್ಬಿಸುವ ಈಸ್ಟ್ರೊಜೆನ್ನೇ ಎಮ್ಮೆಯನ್ನು ಕೂಗಿಸುತ್ತದೆ, ಲೋಳೆ ಸುರಿಸುತ್ತದೆ. ನಮ್ಮ ಎಮ್ಮೆಗಳು, ಅದರಲ್ಲೂ ಬೀದರ್‌ನ ಬೇಸಿಗೆಯಲ್ಲಿ, ಹಗಲು ಬೆದೆಯನ್ನು ಸರಿಯಾಗಿ ತೋರಿಸುವುದಿಲ್ಲ. ರಾತ್ರಿಯ ಕೂಗನ್ನು ಕೇಳಿದವರ ಬಳಿ ಮಾತ್ರ ಆ ಗಡಿಯಾರ ಇತ್ತು. ನಾನು ಕೇಳುತ್ತಿದ್ದದ್ದು ಹಗ್ಗ ಹಿಡಿದು ಬಂದವರನ್ನು.

‘ಅವ್ವಾ, ಮುಂದಿನ ಸಲ ಕೂಗಿದ ಹೊತ್ತಿಗೇ ಫೋನ್ ಮಾಡಿಸಿ’ ಎಂದು ನಂಬರ್ ಕೊಟ್ಟು ಬಂದೆ. ಮೂರು ವಾರದ ಮೇಲೆ ಬೆಳಗಿನ ನಾಲ್ಕಕ್ಕೆ ಫೋನ್ ಬಂತು. ಅಂದು ಸಂಜೆ ಅವರ ಕೊಟ್ಟಿಗೆಯಲ್ಲೇ ಗರ್ಭಧಾರಣೆ ಮಾಡಿದೆ. ಎರಡೂವರೆ ತಿಂಗಳಿಗೆ ಪರೀಕ್ಷಿಸಿದಾಗ ಗಬ್ಬ ನಿಂತಿತ್ತು.

ಈಗ ನನ್ನ ವಹಿಯಲ್ಲಿ ಎರಡು ಹೊಸ ಕಾಲಂ ಇವೆ: ಬೆದೆಯನ್ನು ಮೊದಲು ಕಂಡವರು ಯಾರು, ಎಷ್ಟು ಗಂಟೆಗೆ. ಉತ್ತರ ಗೊತ್ತಿಲ್ಲವೆಂದರೆ ಮನೆಗೆ ಫೋನ್ ಹಚ್ಚಿಸಿ, ಹಾಲು ಹಿಂಡುವವರನ್ನು ಕೇಳಿದ ಮೇಲೆಯೇ ಸ್ಟ್ರಾ ಹೊರತೆಗೆಯುತ್ತೇನೆ.