ಜಿಂಕೆಯ ಕೊಂಬು ವಿಕಾರವಾದರೆ ಕಾರಣ ಎಲ್ಲಿ ಹುಡುಕಬೇಕು

ಒಂದು ಕೊಂಬು ನೆಟ್ಟಗಿದ್ದು ಇನ್ನೊಂದು ಕೆನ್ನೆಯ ಕಡೆಗೆ ಜೋತುಬಿದ್ದ ಗಂಡು ಜಿಂಕೆಯ ಫೋಟೊ ಕಂಡರೆ ಸಾಕು, ‘ತಳಿಯೇ ಕೆಟ್ಟಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಬಹಳಷ್ಟು ಸಲ ಅದು ತಪ್ಪು. ಪೆಟ್ಟು, ಸೋಂಕು, ಹಾರ್ಮೋನು, ಸಾಲದ ಮೇವು: ಇವನ್ನೆಲ್ಲ ನೋಡಿ ಮುಗಿಸಿದ ಮೇಲೆ ತಳಿಗುಣದ ಸರದಿ. ನೋಡುವಾಗ ಮೂರು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು. ವಿಕಾರ ಒಂದೇ ಕಡೆಯೋ, ಎರಡೂ ಕಡೆಯೋ? ಕೊಂಬಿನ ಮೇಲೆ ಇನ್ನೂ ಚರ್ಮವಿದೆಯೋ, ಉಜ್ಜಿ ಕಳೆದುಕೊಂಡಿದೆಯೋ? ತೊಂದರೆ ತುದಿಯಲ್ಲೋ, ನಡುವೆಯೋ, ಬುಡದಲ್ಲೋ?

ಈ ಪ್ರಶ್ನೆಗಳು ಏಕೆ ಕೆಲಸಕ್ಕೆ ಬರುತ್ತವೆ ಎಂದು ತಿಳಿಯಲು ಕೊಂಬು ಬೆಳೆಯುವ ಬಗೆ ಗೊತ್ತಿರಬೇಕು. ಎಮ್ಮೆ, ಮೇಕೆ, ಕೃಷ್ಣಮೃಗಗಳ ಕೊಂಬಿಗೆ ಒಳಗೆ ಮೂಳೆ, ಹೊರಗೆ ಉಗುರಿನ ವಸ್ತುವಾದ ಕೆರಾಟಿನ್ ಹೊದಿಕೆ. ಅದು ಬುಡದಿಂದ ಬೆಳೆಯುತ್ತದೆ, ಸಾಯುವವರೆಗೂ ಇರುತ್ತದೆ. ಚುಕ್ಕೆ ಜಿಂಕೆ, ಕಡವೆ, ಎಲ್ಕ್‌ಗಳ ಕವಲುಗೊಂಬು ಪೂರ್ತಿ ಮೂಳೆ. ಅದು ತುದಿಯಿಂದ ಬೆಳೆಯುತ್ತದೆ, ಉದುರುತ್ತದೆ, ಮತ್ತೆ ಬರುತ್ತದೆ. ಹಣೆಯ ಮೂಳೆಯಿಂದ ಎದ್ದ ಪೆಡಿಕಲ್ ಎಂಬ ಗಿಡ್ಡ ಕಂಬ ಮಾತ್ರ ಶಾಶ್ವತ. ಇದರ ಮೇಲಿನ ಮೂಳೆಪೊರೆಯಲ್ಲಿರುವ ಆಕರಕೋಶಗಳೇ ಪ್ರತಿ ಸಲ ಹೊಸ ಕೊಂಬನ್ನು ಕಟ್ಟುವುದು. ಬೆಳೆಯುವ ಕೊಂಬಿನ ತುದಿ ಮೊದಲು ಮೃದ್ವಸ್ಥಿ, ಆಮೇಲೆ ಮೂಳೆ. ಅದರ ಮೇಲೆ ನರ, ರಕ್ತನಾಳ ತುಂಬಿದ ರೋಮದ ಚರ್ಮ, ಅಂದರೆ ವೆಲ್ವೆಟ್. ಎಲ್ಕ್‌ನಂಥ ದೊಡ್ಡ ಜಾತಿಗಳಲ್ಲಿ ಬೆಳವಣಿಗೆ ದಿನಕ್ಕೆ 2 ಸೆಂ.ಮೀ. ಮುಟ್ಟುವುದುಂಟು.

ಬೆಳೆಯುವ ಕಾಲದಲ್ಲಿ ರಕ್ತದಲ್ಲಿ ಟೆಸ್ಟೋಸ್ಟಿರೋನ್, ಅಂದರೆ ವೃಷಣದಿಂದ ಬರುವ ಗಂಡು ಹಾರ್ಮೋನು, ಕಡಿಮೆ ಇರುತ್ತದೆ. ಅದು ಏರಿದಾಗ ಕೊಂಬು ಗಟ್ಟಿಯಾಗುತ್ತದೆ, ರಕ್ತ ನಿಲ್ಲುತ್ತದೆ, ವೆಲ್ವೆಟ್ ಒಣಗುತ್ತದೆ, ಗಂಡು ಅದನ್ನು ಪೊದೆ, ಮರಕ್ಕೆ ತಿಕ್ಕಿ ಕಳಚುತ್ತದೆ. ಅಲ್ಲಿಂದ ಮುಂದೆ ಕೊಂಬು ಬೆಳೆಯದ, ವಾಸಿಯಾಗದ ವಸ್ತು. ಬೆದೆಯ ಕಾಲ ಮುಗಿದು ಟೆಸ್ಟೋಸ್ಟಿರೋನ್ ಇಳಿದಾಗ ಪೆಡಿಕಲ್ ಮತ್ತು ಕೊಂಬಿನ ನಡುವಿನ ಮೂಳೆಯನ್ನು ಆಸ್ಟಿಯೋಕ್ಲಾಸ್ಟ್ ಕೋಶಗಳು ಕರಗಿಸುತ್ತವೆ, ಕೊಂಬು ಬೀಳುತ್ತದೆ.

ಒಂದೇ ಕಡೆಯ ವಿಕಾರದಲ್ಲಿ ಮೊದಲ ಶಂಕೆ ವೆಲ್ವೆಟ್ ಕಾಲದ ಪೆಟ್ಟಿನ ಮೇಲೆ. ಹಸಿ ತುದಿಗೆ ಏಟು ಬಿದ್ದರೆ ಬೆಳೆಯುವ ಅಂಚು ಸೀಳಿ ಎರಡು ತುದಿಯಾಗಬಹುದು, ಅಥವಾ ಅಲ್ಲಿಗೇ ಮೊಂಡಾಗಿ ನಿಲ್ಲಬಹುದು. ಏಟು ಕಾಂಡದ ನಡುವೆ ಬಿದ್ದು ಮೂಳೆ ಮುರಿದರೂ ಚರ್ಮ ಹರಿಯದೆ ಉಳಿದರೆ, ಮುರಿದ ಭಾಗ ಜೋತಾಡುತ್ತಲೇ ಬೆಸೆದುಕೊಳ್ಳುತ್ತದೆ. ಕೆಳಮುಖವಾಗಿ ಬಾಗಿದ ಕೊಂಬಿನಲ್ಲಿ ಒಂದೇ ಜಾಗದಲ್ಲಿ ಗಂಟಿನಂಥ ಊತ, ಅಲ್ಲಿಂದ ಥಟ್ಟನೆ ತಿರುವು ಕಂಡರೆ ಅದು ವಾಸಿಯಾದ ಮುರಿತ ಎಂದೇ ತಿಳಿಯಬಹುದು. ಗಟ್ಟಿಯಾದ ಮೇಲೆ ಕಾದಾಟದಲ್ಲಿ ಮುರಿದದ್ದು ಬೇರೆ ಥರ: ಮುರಿದ ಮೈ ಚೂಪಾಗಿ, ಒರಟಾಗಿ ಇರುತ್ತದೆ, ಊತ ಇರುವುದಿಲ್ಲ. ಮುಂದಿನ ಕೊಂಬು ಸರಿಯಾಗಿಯೇ ಬರುತ್ತದೆ.

ಹಸಿ ಕೊಂಬಿನ ಪೆಟ್ಟು ಮಾತ್ರ ಆ ಕೊಂಬು ಉದುರಿದ ಮೇಲೂ ಕೆಲವೊಮ್ಮೆ ಮುಗಿಯುವುದಿಲ್ಲ. ಗಾಯವಾದ ಕೊಂಬು ಬಿದ್ದುಹೋಗಿ, ಹೊಸ ಕೊಂಬಿನಲ್ಲೂ ಅದೇ ಜಾಗದಲ್ಲಿ ಹೆಚ್ಚುವರಿ ಕವಲೋ ಗಂಟೋ ಮೂಡುವುದನ್ನು ಸಂಶೋಧಕರಾದ ಬುಬೆನಿಕ್ ಮತ್ತು ಪಾವ್ಲಾನ್ಸ್ಕಿ 1965ರಲ್ಲಿ ಪ್ರಕಟಿಸಿದರು. ಇದು ಹಲವು ವರ್ಷ ಮರುಕಳಿಸಿ ನಿಧಾನವಾಗಿ ಮಾಸಬಹುದು. ಗಾಯಗೊಂಡ ಅಂಗಾಂಶವೇ ನೆಲಕ್ಕೆ ಬಿದ್ದಿರುವಾಗ ಅದರ ನೆನಪು ಉಳಿದದ್ದೆಲ್ಲಿ? ನರವ್ಯವಸ್ಥೆಯಲ್ಲಿ ಎಂಬುದು ಬುಬೆನಿಕ್ ವಾದ. ವಿಕಾರ ವರ್ಷ ವರ್ಷ ಮರುಕಳಿಸಿದ ಮಾತ್ರಕ್ಕೆ ಅದು ಹುಟ್ಟುಗುಣ ಎನ್ನಲಾಗದು ಎಂಬುದಕ್ಕೆ ಇಷ್ಟೇ ಸಾಕು.

ವರ್ಷಗಟ್ಟಲೆ ಉಳಿಯುವ ವಿಕಾರದ ನಿಜವಾದ ತವರು ಪೆಡಿಕಲ್. ಅದು ಬಿರುಕು ಬಿಟ್ಟರೆ, ವಾಲಿದರೆ, ಒಂದು ಪಕ್ಕ ನಾಶವಾದರೆ ಅದರ ಮೇಲೆ ಬರುವ ಪ್ರತಿಯೊಂದು ಕೊಂಬೂ ಅಷ್ಟೇ ಸೊಟ್ಟ. ಮೂರನೆಯ ಕೊಂಬಿನ ಗುಟ್ಟೂ ಇಲ್ಲಿಯೇ ಇದೆ. 1974ರಲ್ಲಿ ಹಾರ್ಟ್‌ವಿಗ್ ಮತ್ತು ಶ್ರುಡ್ಡೆ ಎಳೆಯ ರೋ ಜಿಂಕೆಯ ಹಣೆಯಲ್ಲಿ ಪೆಡಿಕಲ್ ಹುಟ್ಟಬೇಕಾದ ಜಾಗದ ಮೂಳೆಪೊರೆಯನ್ನು ತೆಗೆದು ಮೈಯ ಬೇರೆ ಭಾಗಕ್ಕೆ ನೆಟ್ಟರು. ಅಲ್ಲಿಯೂ ಕೊಂಬು ಬೆಳೆಯಿತು. ಅಂದಮೇಲೆ ಮರಿಯ ಹಣೆಗೆ ಗಾಯವಾಗಿ ಈ ಪೊರೆಯ ಚೂರು ಪಕ್ಕಕ್ಕೆ ಸರಿದರೆ ಅಲ್ಲೊಂದು ಸಣ್ಣ ಕೊಂಬು ಏಳುವುದು ಅಚ್ಚರಿಯಲ್ಲ. ಮೂರನೆಯ ಕೊಂಬಿಗೆ ತನ್ನದೇ ಪೆಡಿಕಲ್ ಇದೆಯೇ, ಅಥವಾ ಅದು ಪಕ್ಕದ ಕೊಂಬಿನ ಬುಡದಿಂದ ಒಡೆದ ಕವಲೇ ಎಂದು ತಲೆಬುರುಡೆ ಸಿಕ್ಕಾಗ ಬೆರಳಾಡಿಸಿ ನೋಡಬೇಕು. ಎರಡನೆಯದೇ ಹೆಚ್ಚು.

ಪೆಡಿಕಲ್ ಹಾಳಾಗುವ ಇನ್ನೊಂದು ದಾರಿ ಕೀವು. ಬೆದೆಯ ಕಾಲದ ಗುದ್ದಾಟದಲ್ಲಿ, ಮರಕ್ಕೆ ತಿಕ್ಕುವಾಗ ಬುಡದ ಚರ್ಮ ತರಚಿ ಟ್ರೂಪೆರೆಲ್ಲಾ ಪಯೋಜೆನಿಸ್ ಬ್ಯಾಕ್ಟೀರಿಯಾ ಒಳಹೊಕ್ಕರೆ ಅದು ಮೂಳೆಯನ್ನು ತಿನ್ನುತ್ತಾ ಮಿದುಳಿನವರೆಗೆ ಹೋಗಬಲ್ಲದು. ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯ ಬಲಿತ ಗಂಡುಗಳಲ್ಲಿ ಇದು ಸಾವಿನ ಪರಿಚಿತ ಕಾರಣ. ಉದುರಿದ ಕೊಂಬಿನ ಬುಡ ಸಾಮಾನ್ಯವಾಗಿ ದುಂಡಗೆ, ಹರಳುಹರಳಾಗಿ ಇರುತ್ತದೆ. ಅದಕ್ಕೆ ತಲೆಬುರುಡೆಯ ಚಕ್ಕೆ ಅಂಟಿಕೊಂಡು ಬಂದಿದ್ದರೆ ಸೋಂಕನ್ನು ಶಂಕಿಸಿ. ಆ ಗಂಡು ಬದುಕಿ ಉಳಿದರೂ ಆ ಕಡೆ ಮತ್ತೆ ಸರಿಯಾದ ಕೊಂಬು ಬರುವುದು ಅನುಮಾನ.

ತಲೆಗೆ ಏನೂ ಆಗದೆ ಕೊಂಬು ಸೊಟ್ಟಗಾಗುವುದೂ ಉಂಟು. ಹಿಂಗಾಲು ಮುರಿದ ಅಥವಾ ಕಳೆದುಕೊಂಡ ಗಂಡಿನಲ್ಲಿ ಎದುರು ಬದಿಯ ಕೊಂಬು ಗಿಡ್ಡವಾಗಿ, ವಿಕಾರವಾಗಿ ಬರುವುದನ್ನು ಮತ್ತೆ ಮತ್ತೆ ಗಮನಿಸಲಾಗಿದೆ: ಎಡಗಾಲಿಗೆ ಬಲಗೊಂಬು. ಮುಂಗಾಲಿನ ಗಾಯಕ್ಕೆ ಇಷ್ಟು ಸ್ಪಷ್ಟ ನಿಯಮವಿಲ್ಲ. ಆದ್ದರಿಂದ ಫೋಟೊ ತೆಗೆಯುವವರು ತಲೆಯನ್ನಷ್ಟೇ ಚೌಕಟ್ಟಿಗೆ ಹಿಡಿದು ನಾಲ್ಕು ಕಾಲನ್ನು ಕತ್ತರಿಸಿ ಎಸೆದರೆ ಅರ್ಧ ಸಾಕ್ಷ್ಯ ಹೋದಂತೆ.

ಎರಡೂ ಕೊಂಬು ಒಂದೇ ಥರ ಕೆಟ್ಟಿದ್ದರೆ ತಲೆ ಬಿಟ್ಟು ವೃಷಣದ ಕಡೆ ನೋಡಿ. ಇಲ್ಲಿ ಯಾವ ಹಂತದಲ್ಲಿ ಟೆಸ್ಟೋಸ್ಟಿರೋನ್ ನಿಂತಿತು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಪೆಡಿಕಲ್ ಮೂಡುವ ಮೊದಲೇ ವೃಷಣ ಹೋದ ಮರಿಗೆ ಕೊಂಬೇ ಬರುವುದಿಲ್ಲ. ಗಟ್ಟಿಗೊಂಬಿನ ಗಂಡು ವೃಷಣ ಕಳೆದುಕೊಂಡರೆ ಕೆಲವೇ ವಾರಗಳಲ್ಲಿ ಕೊಂಬು ಬೀಳುತ್ತದೆ, ಮತ್ತೆ ಹೊಸದು ಚಿಗುರುತ್ತದೆ, ಆದರೆ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ವೆಲ್ವೆಟ್ ಕಾಲದಲ್ಲಿ ಕಳೆದುಕೊಂಡರೆ ಆ ವೆಲ್ವೆಟ್ಟೇ ಖಾಯಂ. ಉದುರಿಸಲು ಬೇಕಾದ ಏರಿಳಿತ ಇಲ್ಲದ ಕಾರಣ ಕೊಂಬು ವರ್ಷಗಟ್ಟಲೆ ಉಳಿದು, ಪ್ರತಿ ಬೆಳೆಯುವ ಕಾಲದಲ್ಲೂ ಬುಡದಲ್ಲಿ ಗಂಟು, ಮುಳ್ಳು, ಗುಳ್ಳೆಗಳನ್ನು ಕೂಡಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಇಂಥ ಗಂಡುಗಳಿಗೆ ‘ಕ್ಯಾಕ್ಟಸ್ ಬಕ್’ ಎನ್ನುತ್ತಾರೆ. ಕೊರೆಯುವ ಚಳಿಯ ನಾಡುಗಳಲ್ಲಿ ಹಸಿ ತುದಿ ಹೆಪ್ಪುಗಟ್ಟಿ ಸತ್ತು ಉದುರುವುದರಿಂದ ಕೊಂಬು ಮೊಂಡಾಗಿ ಕಾಣುತ್ತದೆ.

ಯುರೋಪಿನ ರೋ ಜಿಂಕೆಯಲ್ಲಿ ವೃಷಣ ಹೋದ ಗಂಡಿನ ಈ ನಿಲ್ಲದ ಬೆಳವಣಿಗೆ ಅತಿರೇಕಕ್ಕೆ ಹೋಗುತ್ತದೆ. ಅಂಗಾಂಶ ಎಲ್ಲೆಮೀರಿ ಬೆಳೆದು, ಕಣ್ಣನ್ನೇ ಮುಚ್ಚಿ, ನೊಣ ಕೂತು ಹುಳುಬಿದ್ದು ಪ್ರಾಣಿ ಸಾಯುತ್ತದೆ. ಪೆರೂಕ್, ಅಂದರೆ ಟೋಪನ್ ಕೂದಲು, ಎಂಬುದು ಅದರ ಹೆಸರು. ಇದು ಕ್ಯಾನ್ಸರ್ ಗೆಡ್ಡೆಯಂತೆ ಕಾಣುವುದು ಕಾಕತಾಳೀಯವೇನಲ್ಲ. ಬೆಳೆಯುವ ಕೊಂಬಿನಲ್ಲಿ ಸಕ್ರಿಯವಾಗಿರುವ ಜೀನುಗಳ ಚಿತ್ರ ಮಾಮೂಲಿ ಮೂಳೆಗಿಂತ ಮೂಳೆ ಕ್ಯಾನ್ಸರಿಗೇ ಹತ್ತಿರ ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಗೆಡ್ಡೆ ತಡೆಯುವ ಜೀನುಗಳೂ ಜೊತೆಗೇ ಬಲವಾಗಿವೆ. ಆದರೂ ಕೊಂಬಿನ ಮಟ್ಟಿಗೆ ಬೆಳವಣಿಗೆಗೆ ಪೂರ್ಣವಿರಾಮ ಹಾಕುವುದು ಟೆಸ್ಟೋಸ್ಟಿರೋನೇ.

ವೃಷಣ ಕೆಡಲು ಗಾಯವೇ ಆಗಬೇಕಿಲ್ಲ. ಹೊಟ್ಟೆಯಿಂದ ಕೆಳಗಿಳಿಯದ ವೃಷಣವೂ ಸಾಕು. ಅಲಾಸ್ಕಾದ ಕೊಡಿಯಾಕ್ ದ್ವೀಪದ ಒಂದು ಭಾಗದಲ್ಲಿ ಸಿಟ್ಕಾ ಕಪ್ಪುಬಾಲದ ಜಿಂಕೆಯ ಗಂಡುಗಳ ದೊಡ್ಡ ಪಾಲಿಗೆ ಈ ತೊಂದರೆ ಇದ್ದು, ಅವುಗಳಲ್ಲಿ ಹಲವಕ್ಕೆ ಕೊಂಬೂ ವಿಕಾರವಾಗಿದ್ದುದು ದಾಖಲಾಗಿದೆ. ಕೊಲೊರಾಡೊದ ಮ್ಯೂಲ್ ಜಿಂಕೆಗಳಲ್ಲಿ ಕಂಡ ವೃಷಣದ ಹಾನಿಗೆ ರಕ್ತಸ್ರಾವ ತರುವ ಒಂದು ವೈರಸ್ ಮೇಲೆ ಶಂಕೆಯಿದೆ.

ಕೊಂಬಿರುವ ಹೆಣ್ಣೂ ಇದೇ ಲೆಕ್ಕದ ಇನ್ನೊಂದು ಬದಿ. ಹಿಮಸಾರಂಗದಲ್ಲಿ ಹೆಣ್ಣಿಗೂ ಕೊಂಬು ಸಹಜ, ಅದನ್ನು ಬಿಡಿ. ಉಳಿದ ಜಾತಿಗಳ ಹೆಣ್ಣಿನ ಹಣೆಯಲ್ಲೂ ಕೊಂಬು ಕಟ್ಟುವ ಸಾಮರ್ಥ್ಯ ಇದ್ದೇ ಇದೆ, ಟೆಸ್ಟೋಸ್ಟಿರೋನಿನ ಕರೆ ಬರುವುದಿಲ್ಲ ಅಷ್ಟೆ. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿ ಕೆಟ್ಟು ಅದು ತುಸು ಹೆಚ್ಚಿದರೆ ವೆಲ್ವೆಟ್ ಮುಚ್ಚಿದ ಸಣ್ಣ ಕೊಂಬು ಏಳುತ್ತದೆ. ಇಂಥ ಹೆಣ್ಣು ಮರಿ ಹಾಕುವುದೂ ಉಂಟು. ಆದರೆ ‘ಹೆಣ್ಣಿ’ನ ಕೊಂಬು ಉಜ್ಜಿ ನುಣುಪಾಗಿ ಗಟ್ಟಿಯಾಗಿದ್ದರೆ ಒಳಗೆ ವೃಷಣ ಅಡಗಿರುವ ಸಾಧ್ಯತೆಯೇ ಹೆಚ್ಚು.

‘ಅಕಾಲದ ವೆಲ್ವೆಟ್’ ಎಂದು ಹೌಹಾರುವವರಿಗೊಂದು ಎಚ್ಚರಿಕೆ. ಸಮಶೀತೋಷ್ಣ ವಲಯದ ಜಾತಿಗಳ ಗಡಿಯಾರ ಹಗಲಿನ ಉದ್ದ. ಜೀವವಿಜ್ಞಾನಿ ರಿಚರ್ಡ್ ಗಾಸ್ ಸಿಕಾ ಜಿಂಕೆಗಳಿಗೆ ಕೃತಕ ಬೆಳಕಿನಲ್ಲಿ ವರ್ಷದ ಚಕ್ರವನ್ನು ಆರು ತಿಂಗಳಿಗೆ ಕುಗ್ಗಿಸಿದಾಗ ಅವು ವರ್ಷಕ್ಕೆ ಎರಡು ಸಲ ಕೊಂಬು ಬದಲಿಸಿದವು. ಉಷ್ಣವಲಯದ ಚುಕ್ಕೆ ಜಿಂಕೆಯಲ್ಲಾದರೋ ಪ್ರತಿ ಗಂಡಿಗೂ ತನ್ನದೇ ವಾರ್ಷಿಕ ಲಯ, ಒಂದೇ ಹಿಂಡಿನಲ್ಲಿ ಹಸಿ ಕೊಂಬು, ಗಟ್ಟಿ ಕೊಂಬು, ಬೋಳು ತಲೆ ಒಟ್ಟಿಗೇ ಸಿಗುತ್ತವೆ. ಅಲ್ಲಿ ಒಂದು ಫೋಟೊದಿಂದ ಏನನ್ನೂ ಹೇಳಲಾಗದು. ಅದೇ ಗಂಡು ಒಂದು ವರ್ಷ ದಾಟಿದರೂ ವೆಲ್ವೆಟ್ಟಿನಲ್ಲೇ ಇದ್ದರೆ ಆಗ ಹಾರ್ಮೋನಿನ ಮಾತು. ಚುಕ್ಕೆ ಜಿಂಕೆಯ ಮಾಮೂಲಿ ಲೆಕ್ಕ ಪ್ರತಿ ಕೊಂಬಿಗೆ ಮೂರು ತುದಿ. ಹುಬ್ಬಿನ ಕವಲು ಕಾಂಡಕ್ಕೆ ಸೇರುವಲ್ಲಿ ಒಂದೆರಡು ಪುಟ್ಟ ಮೊನೆ ಹೆಚ್ಚಿಗೆ ಇರುವುದು ಸಾಮಾನ್ಯ, ಅದನ್ನು ವಿಕಾರದ ಪಟ್ಟಿಗೆ ಸೇರಿಸಬೇಡಿ.

ಮೇವಿನ ಕೊರತೆ ಕೊಂಬನ್ನು ವಿಕಾರಗೊಳಿಸುವುದು ಕಡಿಮೆ, ಗಿಡ್ಡವಾಗಿಸುವುದು ಹೆಚ್ಚು. ಕೊಂಬಿಗೆ ಬೇಕಾದ ಕ್ಯಾಲ್ಸಿಯಂ, ರಂಜಕ ಆ ದಿನದ ಮೇವಿನಿಂದ ಸಾಲದು. ಗಂಡು ತನ್ನ ಪಕ್ಕೆಲುಬಿನಂಥ ಮೂಳೆಗಳಿಂದ ಸಾಲ ತೆಗೆದು, ಆಮೇಲೆ ತುಂಬಿಕೊಳ್ಳುತ್ತದೆ. ಖನಿಜ ಕಮ್ಮಿಯಾದರೆ ಆಕಾರ ಸರಿಯಿದ್ದೂ ಕೊಂಬು ಪಟಪಟನೆ ಮುರಿಯುತ್ತದೆ. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ಟೂಲಿ ಎಲ್ಕ್‌ಗಳಲ್ಲಿ ಮುರಿತ ಹೆಚ್ಚಿದ್ದುದಕ್ಕೂ ತಾಮ್ರದಂಥ ಖನಿಜಗಳ ಕೊರತೆಗೂ ನಂಟು ಕಂಡುಬಂದಿದೆ. ಒಂದು ಹಿಂಡಿನ ಹಲವು ಗಂಡುಗಳಲ್ಲಿ ಏಕಕಾಲಕ್ಕೆ ಮುರಿದ ಕೊಂಬು ಕಂಡರೆ ಜಗಳಗಂಟತನದ ಜೊತೆಗೆ ಮಣ್ಣನ್ನೂ ಶಂಕಿಸಿ.

ಕೊನೆಗೆ ತಳಿಗುಣ. ಕವಲಿನ ಸಂಖ್ಯೆ, ಕೊಂಬಿನ ಹರವು, ಎರಡೂ ಕಡೆ ಒಂದೇ ಜಾಗದಿಂದ ಕೆಳಗಿಳಿಯುವ ಕವಲುಗಳಂಥವು ಅನುವಂಶಿಕವಾಗಿ ಬರಬಲ್ಲವು, ವಯಸ್ಸಾದಂತೆ ಎದ್ದು ಕಾಣುತ್ತವೆ. ಆದರೆ ಎಲ್ಲರೂ ಹುಟ್ಟುಗುಣವೆಂದೇ ನಂಬಿದ್ದ ಒಂದು ವಿಕಾರ ಪರೀಕ್ಷೆಯಲ್ಲಿ ಸೋತಿತು. ಸ್ಕಾಟ್ಲೆಂಡಿನಲ್ಲಿ ಕೊಂಬೇ ಬರದ ಕೆಂಜಿಂಕೆ ಗಂಡುಗಳಿಗೆ ‘ಹಮ್ಮೆಲ್’ ಎನ್ನುತ್ತಾರೆ. ತಳಿ ಕೆಡಿಸುತ್ತವೆಂದು ಅವನ್ನು ಕಂಡಲ್ಲಿ ಕೊಲ್ಲುತ್ತಿದ್ದರು. 1970ರ ದಶಕದಲ್ಲಿ ಸಂಶೋಧಕರಾದ ಲಿಂಕನ್ ಮತ್ತು ಫ್ಲೆಚರ್ ಹಮ್ಮೆಲ್ ಒಂದರಿಂದ ಮರಿ ಹಾಕಿಸಿದರು, ಗಂಡುಮರಿಗಳಿಗೆ ಸರಿಯಾದ ಕೊಂಬೇ ಬಂತು. ಹಮ್ಮೆಲ್‌ನ ಗಿಡ್ಡ ಪೆಡಿಕಲ್ ತುದಿಯನ್ನು ಕತ್ತರಿಸಿ ಗಾಯ ಮಾಡಿದಾಗ ಅಲ್ಲಿಂದಲೂ ಕೊಂಬು ಎದ್ದಿತು. ಎಳವೆಯಲ್ಲಿ ಹೊಟ್ಟೆಗೆ ಸಾಲದೆ ಪೆಡಿಕಲ್ ಬೆಳೆಯಬೇಕಾದಷ್ಟು ಬೆಳೆದಿರಲಿಲ್ಲ ಎಂಬುದೇ ಇದಕ್ಕೆ ಹೊಂದುವ ವಿವರಣೆ.